ಹೃದಯದ ರಂಧ್ರವನ್ನು ಎದೆ ತೆರೆಯದೆ ಮುಚ್ಚಬಹುದೇ? ತಜ್ಞರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಹುಟ್ಟು ಹೃದ್ರೋಗಕ್ಕೆ ಕ್ಯಾತಿಟರ್ (ರಕ್ತನಾಳದ ಮೂಲಕ ಹೃದಯಕ್ಕೆ ತೂರಿಸುವ ತೆಳು ಕೊಳವೆ) ಚಿಕಿತ್ಸೆಯ ಬಗ್ಗೆ ಮಕ್ಕಳ ಹೃದ್ರೋಗ ತಜ್ಞೆ ಇಂದು ಉತ್ತರಿಸುತ್ತಾರೆ. ಫಾರ್ವರ್ಡ್ ಸಂದೇಶಗಳು ಬೇಡ.

ದಾವಣಗೆರೆ: ಮೇಡಂ, ಮಗಳಿಗೆ 4 ವರ್ಷ, ಎಎಸ್‌ಡಿ (ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ) 14 ಮಿ.ಮೀ. ಅಂಗನವಾಡಿಗೆ ಬಂದ ತಂಡ ಪತ್ತೆ ಹಚ್ಚಿತು. ತೊಡೆಯ ರಕ್ತನಾಳದಿಂದ ರಂಧ್ರ ಮುಚ್ಚುವ ಡಿವೈಸ್ ಹಾಕಿಸಬಹುದೇ?

ವೈದ್ಯೆ: ರಂಧ್ರ ಆ ಗೋಡೆಯ ನಡುಭಾಗದಲ್ಲಿದ್ದು ಸುತ್ತ ಅಂಚು ಸಾಕಷ್ಟಿದ್ದರೆ ಹಾಕಬಹುದು, ವಯಸ್ಸೂ ಸರಿಯಿದೆ. ನಂತರ ಸುಮಾರು ಆರು ತಿಂಗಳು ಆಸ್ಪಿರಿನ್. ಆ ತಂಡ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. ಅವರಿಂದಲೇ ರೆಫರಲ್ ಪತ್ರ ಪಡೆಯಿರಿ.

ತುಮಕೂರು: ಈಗ ದೇಶದಲ್ಲಿ ಎಲ್ಲ ರಂಧ್ರಗಳನ್ನೂ ಹೀಗೆಯೇ ಮುಚ್ಚುತ್ತಾರಂತೆ?

ವೈದ್ಯೆ: ಎಲ್ಲವನ್ನೂ ಅಲ್ಲ. ಎಎಸ್‌ಡಿ, ಪಿಡಿಎ (ಹುಟ್ಟಿದ ಮೇಲೂ ಮುಚ್ಚದೆ ಉಳಿದ ನಾಳ) ಇವುಗಳಲ್ಲಿ ಬಹುಪಾಲು ಕ್ಯಾತಿಟರ್‌ಗೆ ಬಂದಿವೆ. ಕಿರಿದಾದ ಶ್ವಾಸಕೋಶದ ಕವಾಟವನ್ನು ಬಲೂನಿನಿಂದ ಹಿಗ್ಗಿಸುತ್ತೇವೆ. ವಿಎಸ್‌ಡಿಯಲ್ಲಿ, ಅಂದರೆ ಕೆಳಗಿನ ಕೋಣೆಗಳ ನಡುವಿನ ರಂಧ್ರಗಳಲ್ಲಿ, ಕೆಲವಕ್ಕೆ ಮಾತ್ರ. ಆದರೆ ಇಂತಹ ಕೇಂದ್ರಗಳು ಹೆಚ್ಚಾಗಿ ದಕ್ಷಿಣದ ರಾಜ್ಯಗಳಲ್ಲಿ, ಮಹಾನಗರಗಳಲ್ಲಿವೆ.

ಕಲಬುರಗಿ: ಡಿವೈಸ್ ಇದ್ದರೆ ಎಂಆರ್‌ಐ ಮಾಡಿಸಬಹುದೇ?

ಬಳ್ಳಾರಿ: ತಂಗಿಗೆ 24 ವರ್ಷ, ಎರಡು ತಿಂಗಳ ಗರ್ಭಿಣಿ. ಚಿಕ್ಕಂದಿನಲ್ಲಿ ದೊಡ್ಡ ಪಿಡಿಎ ಇದೆ ಎಂದಿದ್ದರು, ಮತ್ತೆ ತೋರಿಸಲಿಲ್ಲ. ಈಗ ಏದುಸಿರು. ಕೈ ಸರಿಯಿದೆ, ಕಾಲ್ಬೆರಳು ನೀಲಿ. ಹೆರಿಗೆಯ ನಂತರ ಡಿವೈಸ್ ಹಾಕಿಸೋಣವೇ?

ವೈದ್ಯೆ: ಉಳಿದವರು ಕಾಯಿರಿ. ಬಳ್ಳಾರಿಯವರೇ, ಕಾಲ್ಬೆರಳು ಮಾತ್ರ ನೀಲಿ ಎಂದಿರಲ್ಲ, ನನಗೆ ಭಯ ಹುಟ್ಟಿಸಿದ್ದು ಅದೇ. ಪಿಡಿಎ ಎಂದರೆ ಮಹಾಧಮನಿಗೂ ಶ್ವಾಸಕೋಶದ ಧಮನಿಗೂ ನಡುವೆ, ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಿದ್ದ ನಾಳ. ದೊಡ್ಡದಾಗಿದ್ದು ವರ್ಷಗಟ್ಟಲೆ ತೆರೆದೇ ಉಳಿದರೆ ರಕ್ತದ ಹೊಡೆತಕ್ಕೆ ಶ್ವಾಸಕೋಶದ ನಾಳಗಳು ದಪ್ಪವಾಗಿ ಒತ್ತಡ ಏರುತ್ತದೆ. ಕೊನೆಗೆ ಹರಿವು ತಿರುಗಿ, ಆಮ್ಲಜನಕ ಕಡಿಮೆಯಿರುವ ಕೆಟ್ಟ ರಕ್ತವೇ ಮಹಾಧಮನಿ ಸೇರುತ್ತದೆ. ಅದು ಸೇರುವುದು ತಲೆ, ಕೈಗಳ ಕವಲು ಒಡೆದ ಮೇಲೆ. ಹಾಗಾಗಿ ಕಾಲು ಮಾತ್ರ ನೀಲಿ. ಹೀಗೆ ಹರಿವು ತಿರುಗಿದ ಸ್ಥಿತಿಗೆ ಐಸೆನ್‌ಮೆಂಗರ್ ಎನ್ನುತ್ತೇವೆ. ಅದೇ ಎಂದು ಖಚಿತವಾದರೆ ಡಿವೈಸ್ ಹಾಕುವಂತಿಲ್ಲ. ಒತ್ತಡ ತಗ್ಗಲು ಉಳಿದ ದಾರಿಯನ್ನೂ ಮುಚ್ಚಿದರೆ ಹೃದಯದ ಬಲಭಾಗ ಸೋಲುತ್ತದೆ. ಈ ಸ್ಥಿತಿಯಲ್ಲಿ ಗರ್ಭವೇ ತಾಯಿಯ ಜೀವಕ್ಕೆ ಅಪಾಯ. ಹೆರಿಗೆ ಮತ್ತು ಬಾಣಂತನದ ಮೊದಲ ದಿನಗಳು ಇನ್ನೂ ಹೆಚ್ಚು. ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರನ್ನು ಬಲಗೈ ಬೆರಳಿಗೂ ಕಾಲ್ಬೆರಳಿಗೂ ಹಾಕಿ ಎರಡೂ ಅಂಕಿ ತಿಳಿಸಿ. ಹೃದ್ರೋಗ, ಹೆರಿಗೆ ಎರಡೂ ವಿಭಾಗಗಳಿರುವ ದೊಡ್ಡ ಆಸ್ಪತ್ರೆಗೆ ತಕ್ಷಣ ಹೊರಡಿ. ಗರ್ಭ ಮುಂದುವರಿಸುವ ವಿಚಾರವನ್ನು ಅಲ್ಲಿ ತಂಗಿಯ ಜೊತೆಗೇ ಮಾತನಾಡುತ್ತಾರೆ. ತೀರ್ಮಾನ ಆಕೆಯದು.

ಶಿರಸಿ: ಮತ್ತಿ ಚಕ್ಕೆಯ ಕಷಾಯ 48 ದಿನ ಕುಡಿದರೆ ರಂಧ್ರ ತಾನಾಗಿ ಕೂಡುತ್ತದೆ. ಹತ್ತು ಜನರಿಗೆ ಕಳಿಸಿ.

ವೈದ್ಯೆ: ಕೂಡುವುದಿಲ್ಲ. ಈಗಷ್ಟೇ ಬರೆದದ್ದನ್ನು ಓದಿದಿರಾ? ಕಷಾಯ ಕುಡಿಸುತ್ತ ವರ್ಷ ಕಳೆದರೆ ಮಕ್ಕಳು ಆ ಸ್ಥಿತಿಗೆ ಬರುತ್ತಾರೆ.

ಶಿರಸಿ: ನಮ್ಮ ಅಜ್ಜ ಕುಡಿದು 90 ವರ್ಷ ಬದುಕಿದ್ದರು.

ಕೋಲಾರ: ಅಜ್ಜನಿಗೆ ರಂಧ್ರವಿತ್ತೇ?

ಮಂಡ್ಯ: ಸೋದರಮಾವನನ್ನೇ ಮದುವೆಯಾದರೆ ಮಕ್ಕಳು ಹೀಗೇ ಹುಟ್ಟುವುದು.

ದಾವಣಗೆರೆ: ನಮ್ಮದು ಸೋದರಿಕೆಯ ಮದುವೆಯಲ್ಲ. ತಿಳಿಯದೆ ಮಾತನಾಡಬೇಡಿ.

ಮಂಡ್ಯ: ನಿಮ್ಮ ಹೆಸರು ಹೇಳಿದೆನೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ವೈದ್ಯೆ: ಹತ್ತಿರದ ಸಂಬಂಧದಲ್ಲಿ ಅಪಾಯ ಸ್ವಲ್ಪ ಹೆಚ್ಚು, ಅಷ್ಟೇ. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ತೋರಿಸಲಾಗದು. ತಾಯಂದಿರನ್ನು ಕಟಕಟೆಗೆ ಹತ್ತಿಸಬೇಡಿ.

ಹಾಸನ: ಮಗನಿಗೆ 5 ವರ್ಷ, ಎಎಸ್‌ಡಿ. ತೊಡೆಯಿಂದ ಮುಚ್ಚಬಹುದೇ?

ವೈದ್ಯೆ: ಮೇಲೆ ಓದಿ.

ಹಾಸನ: ಎರಡು ಸಾಲು ಬರೆಯಲು ಇಷ್ಟು ಬಿಗುಮಾನವೇ?

ಬಳ್ಳಾರಿ: ಮೇಡಂ, ಕೈ 95, ಕಾಲು 82. ಐದನೇ ತಿಂಗಳ ಕುಬಸ ಮುಗಿಸಿ ಹೋಗೋಣ ಎನ್ನುತ್ತಾರೆ ಅವಳ ಅತ್ತೆ.

ವೈದ್ಯೆ: ಕುಬಸಕ್ಕೆ ಕಾಯಬೇಡಿ. ಇಂದೇ ಹೊರಡಿ. ಹಳೆಯ ಎಕೋ ವರದಿ ಜೊತೆಗಿರಲಿ. ನಿಮ್ಮ ನಂಬರಿಗೆ ಈಗಲೇ ಕರೆ ಮಾಡುತ್ತಿದ್ದೇನೆ, ಎತ್ತಿಕೊಳ್ಳಿ.

ಶಿರಸಿ: ಕಷಾಯದ ವಿಡಿಯೊ ಇದೆ, ಹಾಕಲೇ?

ಕಲಬುರಗಿ: ನನ್ನ ಎಂಆರ್‌ಐ ಪ್ರಶ್ನೆ ಯಾರೂ ನೋಡಲಿಲ್ಲವೇ?

ನಿರ್ವಾಹಕರು: ಶಿರಸಿಯವರನ್ನು ಗುಂಪಿನಿಂದ ತೆಗೆದಿದ್ದೇನೆ.