ಹಳೆಯ ಪಿಕಪ್‌ನ ಹಿಂದಿನ ಎಕ್ಸಲ್: ಇಪ್ಪತ್ತೂವರೆ ಸುತ್ತಿನ ಲೆಕ್ಕ

ಪ್ರಶ್ನೆ (ಹಾವೇರಿ):
ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಒಯ್ಯಲೆಂದು ಕಳೆದ ವರ್ಷ ಹಳೆಯ ಡೀಸೆಲ್ ಪಿಕಪ್ ಒಂದನ್ನು ಕೊಂಡೆ. ಟಾಪ್ ಗೇರಿನಲ್ಲಿ ಅರವತ್ತು ದಾಟಿದರೆ ಎಂಜಿನ್ ಒದರತೊಡಗುತ್ತದೆ. ಹಿಂದಿನ ಎಕ್ಸಲಿನ ಹೌಸಿಂಗಿನ (ಹೊರಕವಚದ) ಮೇಲೆ ಗುರುತಿನ ತಗಡಿಲ್ಲದ ಕಾರಣ, ಹಿಂದಿನ ಮಾಲೀಕರು ಬೇರೆ ಎಕ್ಸಲ್ ಕೂಡಿಸಿರಬಹುದೆಂಬ ಗುಮಾನಿ ನನಗಿದೆ. ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಇಂಥದ್ದೇ ಡಿಫರೆನ್ಶಿಯಲ್ (ಎರಡೂ ಹಿಂಗಾಲಿಗಳಿಗೆ ಶಕ್ತಿ ಹಂಚುವ ಗೇರುಗಳ ಗಡ್ಡೆ) ಸಿಕ್ಕಿದೆ, ಅದನ್ನು ಹಾಕಿಸುವ ಯೋಚನೆಯಿದೆ. ಅದರ ಕ್ರೌನ್ ಎಂಬ ದೊಡ್ಡ ಗೇರಿಗೆ 41, ಅದನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್‌ಗೆ 11 ಹಲ್ಲುಗಳಿವೆ, ಅಂದರೆ ಅನುಪಾತ 3.73. ನನ್ನದನ್ನು ತಿಳಿಯಲು ಎಡಗಡೆಯ ಗಾಲಿಯೊಂದನ್ನೇ ಎತ್ತಿ ಹತ್ತು ಸುತ್ತು ತಿರುಗಿಸಿದೆ. ಗೇರ್‌ಬಾಕ್ಸಿನಿಂದ ಎಕ್ಸಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿಗೆ ಎಳೆದ ಸುಣ್ಣದ ಗೆರೆ ಇಪ್ಪತ್ತೂವರೆ ಸುತ್ತು ಬಂತು. ಹಾಗಾದರೆ ಇದು 2.05 ಅಲ್ಲವೇ? ಕೇಳಿದ್ದಕ್ಕೆ ನಮ್ಮ ಮಿಸ್ತ್ರಿ ನಕ್ಕುಬಿಟ್ಟರು.

ಉತ್ತರ (ಗದಗ):
ತಾವು ಎಣಿಸಿದ್ದು ಸರಿಯಾಗಿಯೇ ಇದೆ, ತಪ್ಪಿದ್ದು ಭಾಗಾಕಾರ. ಕ್ರೌನ್ ತಿರುಗುವುದು ಎರಡೂ ಗಾಲಿಗಳ ಸುತ್ತಿನ ಸರಾಸರಿಯಷ್ಟು. ಬಲಗಾಲಿ ನೆಲದ ಮೇಲೆ ನಿಂತಿದ್ದರಿಂದ ಎಡಗಾಲಿಯ ಹತ್ತು ಸುತ್ತಿಗೆ ಕ್ರೌನ್ ಐದೇ ಸುತ್ತು ತಿರುಗಿದೆ. ಇಪ್ಪತ್ತೂವರೆಯನ್ನು ಐದರಿಂದ ಭಾಗಿಸಿದರೆ 4.1. ಗಾಲಿ ಒಂಟಿಯಾಗಿ ಸಲೀಸಾಗಿ ತಿರುಗಿದ್ದರಿಂದ ಒಳಗಿರುವುದು ಸಾಮಾನ್ಯ ಡಿಫರೆನ್ಶಿಯಲ್ಲೇ ಇರಬೇಕು. ಲಿಮಿಟೆಡ್ ಸ್ಲಿಪ್ (ಒಂದೇ ಗಾಲಿ ಸುಮ್ಮನೆ ತಿರುಗದಂತೆ ತಡೆಯುವ ಬಗೆ) ಇದ್ದಿದ್ದರೆ ಕೈಗೆ ಜಗ್ಗುತ್ತಿರಲಿಲ್ಲ, ಆದರೆ ಅದರ ಕ್ಲಚ್ ಪ್ಲೇಟುಗಳು ಸವೆದಿದ್ದರೆ ಅದೂ ಹೀಗೆಯೇ ತಿರುಗುತ್ತದೆ.
ಇಷ್ಟರ ಮೇಲೆ ಸಾಮಾನು ತರಿಸಬೇಡಿ. 41ಕ್ಕೆ 10 ಹಲ್ಲಿನ ಜೋಡಿ 4.10, 37ಕ್ಕೆ 9ರ ಜೋಡಿ 4.11, ಸುಣ್ಣದ ಗೆರೆಯಿಂದ ಇವೆರಡನ್ನು ಬೇರ್ಪಡಿಸಲಾಗದು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತಯಾರಾಗಿ ಬರುವುದರಿಂದ, ಒಂದನ್ನು ಮಾತ್ರ ಬದಲಿಸಿದರೆ ಕೆಲವೇ ದಿನಗಳಲ್ಲಿ ಗುಂಯ್‌ಗುಡತೊಡಗುತ್ತದೆ. ಹೌಸಿಂಗ್ ಬಿಚ್ಚಿ ಹಲ್ಲುಗಳನ್ನು ಎಣಿಸಿರಿ.

ಉತ್ತರ (ಧಾರವಾಡ):
ಹಿಂಬದಿಯ ಮುಚ್ಚಳ ಬೋಲ್ಟಿನದಾಗಿದ್ದರೆ ಒಳಗಿನದು ಅಲ್ಲಿಂದಲೇ ಕಾಣುತ್ತದೆ. ಹಿಂಬದಿ ಬೆಸುಗೆಯಿಂದ ಮುಚ್ಚಿದ್ದು, ಬೋಲ್ಟುಗಳು ಮುಂಬದಿಯಲ್ಲಿದ್ದರೆ ಅದು ಬ್ಯಾಂಜೋ ಮಾದರಿಯ ಹೌಸಿಂಗ್. ಎಕ್ಸಲ್ ಶಾಫ್ಟುಗಳನ್ನು ಎಳೆದ ಮೇಲೆ ಗೇರುಗಳ ಇಡೀ ಗಡ್ಡೆ ಮುಂದಕ್ಕೆ ಹೊರಬರುತ್ತದೆ. ಗುಜರಿಯದನ್ನು ಕೊಳ್ಳುವ ಮೊದಲು ನಿಮ್ಮ ಶಾಫ್ಟಿನ ತುದಿಯನ್ನು ಅದರೊಳಗೆ ತೂರಿಸಿ ನೋಡಿರಿ, ಏಕೆಂದರೆ ಸ್ಪ್ಲೈನ್ (ಶಾಫ್ಟಿನ ತುದಿಯ ಉದ್ದುದ್ದ ಗೀರು) ಒಂದು ಹೆಚ್ಚುಕಡಿಮೆಯಾದರೂ ಅದು ಕೂಡುವುದಿಲ್ಲ. ಜ್ಯಾಕಿನ ಭರವಸೆಯ ಮೇಲೆ ಮಾತ್ರ ಗಾಡಿಯ ಕೆಳಗೆ ಹೋಗಬೇಡಿ, ಮುಂದಿನ ಗಾಲಿಗಳಿಗೆ ಕಲ್ಲು ಕೊಡಿ.
ನನ್ನ ಅಭಿಪ್ರಾಯ ಬೇರೆಯೇ ಇದೆ. 3.73 ಹಾಕಿದರೆ ಅದೇ ವೇಗಕ್ಕೆ ಎಂಜಿನ್ ಸುತ್ತು ಶೇಕಡಾ 9ರಷ್ಟು ಇಳಿಯುತ್ತದೆ, ಆದರೆ ಚೀಲ ತುಂಬಿ ಏರು ಹತ್ತುವಾಗ ಎಳೆತವೂ ಅಷ್ಟೇ ಕಡಿಮೆಯಾಗುತ್ತದೆ. ಗೇರ್‌ಬಾಕ್ಸಿನಿಂದ ಓಡುವ ಸ್ಪೀಡೋಮೀಟರ್ ಕೂಡ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಹೇರಿನ ಗಾಡಿಗೆ 4.1 ಇರಲಿ; ಎಂಜಿನ್ ಸುತ್ತು ಹೆಚ್ಚಾಗುವಂತೆ ಟೈರು ಸಣ್ಣ ಅಳತೆಯದು ಹಾಕಿದ್ದಾರೆಯೇ ಎಂಬುದನ್ನು ಮೊದಲು ನೋಡಿರಿ.

ಪ್ರಶ್ನೆ ಕೇಳಿದವರು:
ಭಾನುವಾರ ಬಿಚ್ಚಿ, ಡೀಸೆಲ್‌ನಿಂದ ತೊಳೆದು ಎಣಿಸಿದೆವು: ಕ್ರೌನಿಗೆ 37, ಪಿನಿಯನ್‌ಗೆ 9. ಟೈರೂ ಬಾಗಿಲ ಪಟ್ಟಿಯಲ್ಲಿ ಬರೆದದ್ದಕ್ಕಿಂತ ಒಂದು ಅಳತೆ ಸಣ್ಣದಿದೆ. ಗುಜರಿಯ ಮಾತನ್ನು ಸದ್ಯಕ್ಕೆ ಬಿಟ್ಟು, ಹೊಸ ಗ್ಯಾಸ್ಕೆಟ್ ಮತ್ತು 80ಡಬ್ಲ್ಯೂ-90 ಗೇರ್ ಎಣ್ಣೆ ಹಾಕಿ ಮುಚ್ಚಿದ್ದೇವೆ. ಮೊದಲು ಟೈರು ಬದಲಿಸುತ್ತೇನೆ.