ಮೊದಲ ಸಲ ದೊಡ್ಡ ಆಫ್‌ರೋಡ್ ಕೂಟಕ್ಕೆ ಹೊರಟಿದ್ದೀವಿ, ಏನೇನು ಬೇಕು?

ಬೆಂಗಳೂರಿನಿಂದ ಪ್ರಶ್ನೆ

ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ, ಮಳೆ ಬಿಡೋ ಹೊತ್ತಿಗೆ, ಎರಡು ದಿನದ ಕೂಟ ಇದೆ. ಎಂಬತ್ತು ಗಾಡಿ ಬರುತ್ತವಂತೆ. ನಮ್ಮದು ಮಾರುತಿ ಜಿಮ್ನಿ ಮ್ಯಾನುಯಲ್, ಕಂಪನಿ ಕೊಟ್ಟ ಟೈರೇ ಇದೆ. ಮನೆಯವರು, ಎಂಟು ವರ್ಷದ ಮಗ ಜೊತೆಗಿರ್ತಾರೆ. ಕೆಸರಿಗಂತ ಬರೋ ಮಡ್ ಟೈರ್, ನೀರಿನಲ್ಲಿ ಇಂಜಿನ್ನಿಗೆ ಮೇಲಿಂದ ಗಾಳಿ ಕೊಡೋ ಸ್ನಾರ್ಕಲ್, ಹಗ್ಗ ಸುತ್ತಿ ಗಾಡಿ ಎಳೆಯೋ ವಿಂಚ್ ಹಾಕಿಸಿಕೊಂಡೇ ಹೋಗಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಸಕಲೇಶಪುರದಿಂದ

ಮೂರೂ ಬೇಡ ಸರ್. ಅಷ್ಟು ಗಾಡಿ ಸೇರೋ ಕಡೆ ವಿಂಚ್ ಇರೋರಿಗೆ ಬರವಿಲ್ಲ. ನಿಮ್ಮನ್ನು ಎಳೆಯೋಕೆ ಜನ ಸಿಗ್ತಾರೆ, ಎಳೆಯೋಕೆ ಸರಿಯಾದ ಜಾಗ ನಿಮ್ಮ ಗಾಡಿಯಲ್ಲಿ ಇರಬೇಕು ಅಷ್ಟೆ. ಹೊರಡೋ ಮುಂಚೆ ಕೆಳಗೆ ಬಗ್ಗಿ ಮುಂದೆ, ಹಿಂದೆ ಟೋ ಹುಕ್ ಎಲ್ಲಿದೆ ನೋಡಿಕೊಳ್ಳಿ. ಕೆಸರು ಮೆತ್ತಿದ ಮೇಲೂ ಕೈಗೆ ಸಿಗಬೇಕು. ಚಾಸಿಗೆ ಗಟ್ಟಿಯಾಗಿ ಸೇರಿರೋ ಹುಕ್ಕಿಗೆ ಮಾತ್ರ ಸ್ಟ್ರ್ಯಾಪ್ (ಎಳೆಯೋ ಪಟ್ಟಿ) ಹಾಕೋದು. ಲಾರಿ ಮೇಲೆ ಗಾಡಿ ಕಟ್ಟೋಕೆ ಕೊಟ್ಟಿರೋ ತೆಳು ಕಿವಿಗೆ ಹಾಕಬಾರದು. ಹಿಂದೆ ಟ್ರೇಲರ್ ಸಿಕ್ಕಿಸೋ ಬಾಲ್‌ಗಂತೂ ಬೇಡವೇ ಬೇಡ. ಅದು ಮುರಿದರೆ ಕವಣೆ ಕಲ್ಲಿನ ಹಾಗೆ ಹಾರಿ ಎದುರಿನ ಗಾಡಿಯ ಗಾಜು ಒಡೆದು ಒಳಗೆ ಬರುತ್ತೆ. ಹೊಸಬರು ಗಾಡಿ ಮಗುಚೋದಕ್ಕೆ ಹೆದರ್ತಾರೆ, ಕೂಟದಲ್ಲಿ ಗಾಡಿಗಳಿಗೆ ದಾರಿ ತೋರಿಸೋ ಮಾರ್ಷಲ್‌ಗಳು ಹೆದರೋದು ಬಿಗಿದ ಹಗ್ಗಕ್ಕೆ.

ಹಗ್ಗ ಬಿಗಿ ಆದಾಗ ಅದರ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ಇರಬಾರದು. ವಿಡಿಯೋ ಮಾಡೋರೂ ಅಷ್ಟೆ. ಹಗ್ಗ ದಾಟಬೇಡಿ. ಕೈಸನ್ನೆ ಕೊಡೋನು ಒಬ್ಬನೇ ಇರಲಿ. ನಾಲ್ಕು ಜನ ನಾಲ್ಕು ಕಡೆಯಿಂದ “ಎಡಕ್ಕೆ, ಎಡಕ್ಕೆ” ಅಂದರೆ ಗಾಡಿ ನಿಲ್ಲಿಸಿ ಮಾರ್ಷಲ್ ಮುಖ ಮಾತ್ರ ನೋಡಿ.

ಹಾಸನದ ಗ್ಯಾರೇಜಿನಿಂದ

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಸ್ಟ್ರ್ಯಾಪ್, ಅದನ್ನು ಹುಕ್ಕಿಗೆ ಸೇರಿಸೋ ಕಬ್ಬಿಣದ ಕೊಂಡಿ ಶ್ಯಾಕಲ್, ಟೈರಿಗೆ ಗಾಳಿ ತುಂಬೋ ಕಂಪ್ರೆಸರ್ ತಗೊಳ್ಳಿ. ಎಲ್ಲರೂ ತಪ್ಪೋದು ಸ್ಟ್ರ್ಯಾಪಿನಲ್ಲೇ. ‘ಜಾಸ್ತಿ ಟನ್ ಇದ್ದಷ್ಟು ಒಳ್ಳೇದು’ ಅಂತ 11 ಟನ್ನಿಂದು ತರ್ತಾರೆ. ಹೀಗೆ ಎಳೆಯೋಕೆ ಬಳಸೋ ಸ್ನ್ಯಾಚ್ ಸ್ಟ್ರ್ಯಾಪ್ ಹಿಗ್ಗಬೇಕು, ಹಿಗ್ಗಿ ಎಳೆಯೋದೇ ಅದರ ಕೆಲಸ. ಜಿಮ್ನಿ ಸಾಮಾನು, ಜನ ಎಲ್ಲ ತುಂಬಿದರೂ ಒಂದೂವರೆ ಟನ್ ಆಸುಪಾಸು. ಅಷ್ಟು ಹಗುರ ಗಾಡಿಗೆ ದಪ್ಪ ಸ್ಟ್ರ್ಯಾಪ್ ಹಿಗ್ಗೋದೇ ಇಲ್ಲ, ಕಬ್ಬಿಣದ ಸರಪಳಿ ಥರ ಜಗ್ಗಿ ಹುಕ್ಕನ್ನೇ ಕೀಳುತ್ತೆ. ಎಳೆಯೋದು, ಎಳೆಸಿಕೊಳ್ಳೋದು ಎರಡರಲ್ಲಿ ಹಗುರವಾದ ಗಾಡಿಯ ತುಂಬಿದ ತೂಕದ ಎರಡರಿಂದ ಮೂರು ಪಟ್ಟು ತಡೆಯೋ ಸ್ಟ್ರ್ಯಾಪ್ ಸಾಕು. ನಿಮಗೆ 4.5 ಟನ್ ಸುತ್ತಮುತ್ತ, 9 ಮೀಟರ್ ಉದ್ದ. ಮುಕ್ಕಾಲು ಇಂಚಿನ ಬೋ ಶ್ಯಾಕಲ್ ಎರಡು ಇರಲಿ, ಮೇಲೆ 4.75 ಟನ್ ಅಂತ ಒತ್ತಿರಬೇಕು. ಏನೂ ಬರೆದಿಲ್ಲದ ಹಾರ್ಡ್‌ವೇರ್ ಅಂಗಡಿ ಶ್ಯಾಕಲ್ ತರಬೇಡಿ. ಪಿನ್ ಪೂರ್ತಿ ತಿರುಗಿಸಿ ಅರ್ಧ ಸುತ್ತು ಹಿಂದಕ್ಕೆ ಬಿಡಿ, ಇಲ್ಲದಿದ್ದರೆ ಎಳೆದ ಮೇಲೆ ಕಚ್ಚಿಕೊಂಡು ಬರೋದೇ ಇಲ್ಲ.

ಕಂಪ್ರೆಸರ್ ಬ್ಯಾಟರಿಗೆ ಕ್ಲಿಪ್ ಹಾಕೋ ಥರದ್ದು ತಗೊಳ್ಳಿ. ಸಿಗರೇಟ್ ಸಾಕೆಟ್ಟಿಗೆ ದೊಡ್ಡದು ಸಿಕ್ಕಿಸಿದರೆ ಫ್ಯೂಸ್ ಹೋಗುತ್ತೆ.

ಮಡಿಕೇರಿಯಿಂದ

ಟೈರ್ ಬಗ್ಗೆ ಯಾರೂ ಹೇಳಿಲ್ಲ. ಕಂಪನಿ ಟೈರು ನಮ್ಮ ಕೆಂಪು ಜೇಡಿನಲ್ಲಿ ಎರಡು ಸುತ್ತಿಗೆ ಬೋಳಾಗುತ್ತೆ, ಗೀರಿನ ಮಧ್ಯೆ ಮಣ್ಣು ತುಂಬಿ ಸೋಪು ಸವರಿದ ಹಾಗೆ. ಆದರೂ ಸುಲಭದ ಟ್ರ್ಯಾಕಿಗೆ ಸಾಕು, ಗಾಳಿ ಇಳಿಸಿದರೆ. ಟ್ರ್ಯಾಕಿಗೆ ಇಳಿಯೋ ಮುಂಚೆ ನಾಲ್ಕಕ್ಕೂ 18 ಪಿಎಸ್‌ಐ.

ಜಿಮ್ನಿಯಲ್ಲಿ 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋ ನಿಧಾನದ ಗೇರು) ಹಾಕೋದು ಗಾಡಿ ಪೂರ್ತಿ ನಿಂತಾಗ, ಕ್ಲಚ್ ಒತ್ತಿ. ದಾರಿ ಮಧ್ಯೆ ಸಿಕ್ಕಿಹಾಕಿಕೊಂಡ ಮೇಲೆ ಲಿವರ್ ಹುಡುಕೋದಲ್ಲ, ಮೊದಲೇ ಹಾಕಿರಿ. ಒಂದು ಚಕ್ರ ಗಾಳಿಯಲ್ಲಿ ಎದ್ದು ಸುತ್ತಿದರೆ ಹೊಸಬರು ಹೆದರಿ ಆಕ್ಸಿಲರೇಟರ್ ಬಿಡ್ತಾರೆ. ಬಿಡಬೇಡಿ, ಒಂದೇ ಸಮ ಒತ್ತಿ ಹಿಡಿಯಿರಿ. ಸುತ್ತೋ ಚಕ್ರಕ್ಕೆ ಗಾಡಿಯೇ ಬ್ರೇಕ್ ಹಾಕಿ ಶಕ್ತಿಯನ್ನು ಇನ್ನೊಂದಕ್ಕೆ ಕಳಿಸುತ್ತೆ, ಅದಕ್ಕೆ ಒಂದೆರಡು ಸೆಕೆಂಡ್ ಬೇಕು. ಆಗಲೂ ಕದಲಲಿಲ್ಲ ಅಂದರೆ ನಿಲ್ಲಿಸಿ. ಇನ್ನೂ ರೇಸ್ ಕೊಟ್ಟರೆ ಚಕ್ರ ಗುಂಡಿ ತೋಡಿ ಹೊಟ್ಟೆ ನೆಲಕ್ಕೆ ಕೂರುತ್ತೆ, ಆಮೇಲೆ ಗುದ್ದಲಿಯೇ ಗತಿ.

ಏರಿನಲ್ಲಿ ಇಂಜಿನ್ ಆಫ್ ಆಯಿತಾ? ಬ್ರೇಕ್ ಒತ್ತಿ, ರಿವರ್ಸ್ ಹಾಕಿ, ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಬಿಟ್ಟು, ಬಂದ ದಾರಿಯಲ್ಲೇ ನೆಟ್ಟಗೆ ಹಿಂದಕ್ಕೆ ಇಳಿಯಿರಿ. ನ್ಯೂಟ್ರಲ್ ಮಾಡಿ ಬ್ರೇಕ್ ಮೇಲೆ ಇಳಿಯೋದು, ಅರ್ಧ ಏರಿನಲ್ಲಿ ತಿರುಗಿಸೋದು, ಗಾಡಿ ಉರುಳೋದು ಇವೆರಡರಿಂದಲೇ. ಸ್ಟಿಯರಿಂಗ್ ಹಿಡಿಯುವಾಗ ಹೆಬ್ಬೆರಳು ಒಳಗೆ ಬೇಡ, ಕಲ್ಲು ಹೊಡೆದು ಸ್ಟಿಯರಿಂಗ್ ತಿರುಗಿದರೆ ಬೆರಳು ಹೋಗುತ್ತೆ.

ಪ್ರಶ್ನೆ ಕೇಳಿದವರು

ಗಾಳಿ 12ಕ್ಕೆ ಇಳಿಸಿ ಅಂತ ಒಬ್ಬರು ಹೇಳಿದ್ರು. ಹಳ್ಳ ದಾಟೋದೂ ಇದೆಯಂತೆ.

ಹಾಸನದ ಗ್ಯಾರೇಜಿನಿಂದ

12 ಬೇಡ. ಟೈರಿನ ಅಂಚನ್ನು ಬಿಗಿದು ಹಿಡಿಯೋ ಬೀಡ್‌ಲಾಕ್ ಇಲ್ಲದ ರಿಮ್ಮಿನಲ್ಲಿ 15ಕ್ಕಿಂತ ಕೆಳಗೆ ಹೋದರೆ, ಪಕ್ಕಕ್ಕೆ ಜಾರುವಾಗ ಟೈರ್ ರಿಮ್ ಬಿಟ್ಟು ಕಳಚಬಹುದು. ಕೆಸರಿನಲ್ಲಿ ಅದನ್ನು ಕೂರಿಸೋದು ಅರ್ಧ ದಿನದ ಕೆಲಸ. 18ರಲ್ಲಿ ಆಗಲಿಲ್ಲ ಅಂದರೆ 16, ಅಲ್ಲಿಗೆ ನಿಲ್ಲಿಸಿ.

ಹಳ್ಳಕ್ಕೆ ಮೊದಲು ಯಾರಾದರೂ ಇಳಿದು ನಡೆದು ನೋಡಬೇಕು. ಮಹೀಂದ್ರ ಥಾರ್‌ಗೆ 650 ಮಿ.ಮೀ. ಆಳದ ನೀರು ಆಗುತ್ತೆ ಅಂತ ಕಂಪನಿಯೇ ಹೇಳುತ್ತೆ, ಅವರ ಹಿಂದೆ ನೀವು ಹೋಗಬೇಡಿ. ನಿಮ್ಮ ಲೆಕ್ಕ ಒಂದಡಿ. 4ಎಲ್ ಎರಡನೇ ಗೇರು, ನಿಧಾನ, ಮಧ್ಯೆ ಗೇರು ಬದಲಿಸಬೇಡಿ. ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಕೀ ತಿರುಗಿಸಬೇಡಿ. ಸಿಲಿಂಡರಿಗೆ ನೀರು ನುಗ್ಗಿದ್ದರೆ ನೀರು ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಹಾಗೇ ಎಳೆಸಿಕೊಳ್ಳಿ. ಮನೆಗೆ ಹೋದ ಮೇಲೆ ಡಿಫರೆನ್ಷಿಯಲ್ ಆಯಿಲ್ ನೋಡಿಸಿ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದಾಗ ಬ್ರೀದರ್ (ಅದಕ್ಕೆ ಗಾಳಿ ಆಡೋ ಸಣ್ಣ ಕಿಂಡಿ) ನೀರು ಹೀರಿರಬಹುದು. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಬದಲಿಸಿ.

ಚಿಕ್ಕಮಗಳೂರಿನಿಂದ

ಗಂಡಸರೆಲ್ಲ ಗಾಡಿ ಬಗ್ಗೆಯೇ ಬರೆದಿದ್ದಾರೆ! ಮಗುವಿನ ವಿಷಯ ನಾನು ಹೇಳ್ತೀನಿ. ಹಗ್ಗ ಎಳೆಯೋವಾಗ, ಕಡಿದಾದ ಏರಿನಲ್ಲಿ ಮಗು ಗಾಡಿಯಲ್ಲಿ ಬೇಡ, ಇಳಿಸಿ ದೂರ ನಿಲ್ಲಿಸಿ. ಒಳಗಿದ್ದಾಗ ಬೆಲ್ಟ್ ಹಾಕಿರಲಿ, ಕಿಟಕಿಯಿಂದ ಕೈ ಹೊರಗೆ ಬೇಡ. ಸಡಿಲ ಸಾಮಾನು ಗಾಡಿಯಲ್ಲಿ ಇಡಬೇಡಿ. ಜಾಕ್, ನೀರಿನ ಕ್ಯಾನ್ ಎಲ್ಲ ಕಟ್ಟಿರಬೇಕು, ಗಾಡಿ ವಾಲಿದಾಗ ತಲೆಗೇ ಬರೋದು.

ಜಿಗಣೆಗೆ ಸುಣ್ಣ, ಹೊಗೆಸೊಪ್ಪಿನ ಪುಡಿ ಅಥವಾ ಉಪ್ಪು ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಳ್ಳಿ. ಉದ್ದ ಸಾಕ್ಸ್ ಪ್ಯಾಂಟಿನ ಮೇಲೆ ಎಳೆದುಕೊಂಡರೆ ಅರ್ಧ ಗೆದ್ದ ಹಾಗೆ. ಶೌಚಾಲಯ ಎಲ್ಲಿ, ಹೆಂಗಸರಿಗೆ ಬೇರೆ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ, ನಾಚಿಕೆ ಬೇಡ. ಒಂದು ಗಾಡಿ ಸಿಕ್ಕಿಹಾಕಿಕೊಂಡರೆ ಹಿಂದಿನ ಇಪ್ಪತ್ತು ಗಾಡಿ ಎರಡು ಗಂಟೆ ನಿಲ್ಲುತ್ತೆ, ಊಟ ಮಧ್ಯಾಹ್ನ ಮೂರಾದರೂ ಆಗಬಹುದು. ಚಪಾತಿ, ಬಾಳೆಹಣ್ಣು, ತಲೆಗೆ ಮೂರು ಲೀಟರ್ ನೀರು ಗಾಡಿಯಲ್ಲೇ ಇರಲಿ.

ಮಂಗಳೂರಿನಿಂದ

ಇನ್ಶೂರೆನ್ಸ್ ಪಾಲಿಸಿ ಓದಿ. ಸ್ಪರ್ಧೆ, ವೇಗ ಪರೀಕ್ಷೆಗೆ ಗಾಡಿ ಬಳಸಿದರೆ ಅದು ಅನ್ವಯಿಸಲ್ಲ. ಟೈಮ್ ಅಳೆಯೋ ಸುತ್ತು ಇದ್ದರೆ ಇಳಿಯೋ ಮುಂಚೆ ಯೋಚಿಸಿ. ಇಂಜಿನ್ನಿಗೆ ನೀರು ನುಗ್ಗಿದ ನಷ್ಟಕ್ಕೆ ಬೇರೆ ಕವರ್ ತಗೋಬೇಕು. ಟ್ರ್ಯಾಕ್ ಪೂರ್ತಿ ಖಾಸಗಿ ಎಸ್ಟೇಟಿನೊಳಗೇ ಇದೆಯಾ, ಅರಣ್ಯದ ಗಡಿ ದಾಟುತ್ತಾ ಅಂತಲೂ ಆಯೋಜಕರನ್ನು ಕೇಳಿ. ಅನುಮತಿ ಇಲ್ಲದೆ ಮೀಸಲು ಅರಣ್ಯಕ್ಕೆ ನುಗ್ಗಿದರೆ ಕೇಸು ಬೀಳುತ್ತೆ.

ಮಡಿಕೇರಿಯಿಂದ

ವಾಪಸ್ ಹೊರಡುವಾಗ ಗಾಳಿ ತುಂಬಿ, 2ಎಚ್‌ಗೆ (ಎರಡೇ ಚಕ್ರಕ್ಕೆ ಶಕ್ತಿ ಹೋಗೋ ಮಾಮೂಲಿ ಗೇರು) ಬಂದಿದೆಯಾ ನೋಡಿ. ಒಣ ಟಾರಿನ ಮೇಲೆ ಫೋರ್ ವೀಲ್‌ನಲ್ಲಿ ತಿರುವು ತೆಗೆದರೆ ಆಕ್ಸಲ್‌ಗಳು ಒಂದಕ್ಕೊಂದು ಜಗಳ ಆಡ್ತವೆ. ರಿಮ್ಮಿನ ಒಳಗಡೆ ಕೆಸರು ಕೈ ಹಾಕಿ ತೆಗೀರಿ. ಅಲ್ಲಿ ಒಣಗಿದ ಒಂದು ಹಿಡಿ ಮಣ್ಣಿಗೆ ಹೈವೇಯಲ್ಲಿ ಸ್ಟಿಯರಿಂಗ್ ನಡುಗುತ್ತೆ, ಜನ ಅಲೈನ್‌ಮೆಂಟ್ ಹೋಯ್ತು ಅಂತ ದುಡ್ಡು ಕೊಟ್ಟು ಬರ್ತಾರೆ. ಹಿಂದಿನ ಡ್ರಮ್ ಬ್ರೇಕಿಗೂ ನೀರು ಬಿಟ್ಟು ತೊಳೀರಿ, ರಾತ್ರಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಬೇಡಿ, ಬೆಳಿಗ್ಗೆ ಹಿಡ್ಕೊಂಡಿರುತ್ತೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.