ಎಂಟು ದಿನದ ಹಬ್ಬಕ್ಕೆ ಒಂಬತ್ತು ದೀಪ

ದೊಡ್ಡಮ್ಮ, ನಿನ್ನೆ ನಾನು ಹಾಕಿದ ಫೋಟೋ ನೋಡಿ "ಇದೇನು ಅವರ ದೀಪಾವಳಿಯಾ? ಹಬ್ಬ ಎಂಟು ದಿನ ಅಂದೆ, ದೀಪದ ಕಂಬದಲ್ಲಿ ಜಾಗ ಒಂಬತ್ತು ಇದೆಯಲ್ಲ?" ಅಂತ ಕೇಳಿದ್ದಿರಿ. ಇಲ್ಲಿ ನಾನು ನೋಡಿಕೊಳ್ಳುವ ಯಹೂದಿ ಅಜ್ಜಿಗೆ ಈಗ ಮಧ್ಯಾಹ್ನದ ನಿದ್ದೆ. ನಿಧಾನಕ್ಕೆ ಹೇಳುತ್ತೇನೆ, ಕೇಳಿ.

ಇದು ಹನುಕ್ಕಾ, ಯಹೂದಿಗಳ ದೀಪದ ಹಬ್ಬ. ಆಂಟಿಯೋಕಸ್ ಅನ್ನುವ ಗ್ರೀಕ್ ರಾಜ ಯಹೂದಿಗಳ ಆಚಾರಗಳನ್ನೆಲ್ಲ ನಿಷೇಧಿಸಿ, ಜೆರುಸಲೇಮಿನ ಅವರ ದೇವಾಲಯದಲ್ಲಿ ಬೇರೆ ದೇವರಿಗೆ ಬಲಿ ಕೊಡಿಸಿದ. ಮೋದಿಯಿನ್ ಊರಿನ ಒಬ್ಬ ಪುರೋಹಿತರೂ ಅವರ ಐದು ಗಂಡುಮಕ್ಕಳೂ ತಿರುಗಿಬಿದ್ದರು. ಮಗ ಯೆಹೂದ ಮಕ್ಕಾಬಿ ಕ್ರಿ.ಪೂ. 164ರಲ್ಲಿ ದೇವಾಲಯ ಬಿಡಿಸಿಕೊಂಡು ಶುದ್ಧಿ ಮಾಡಿಸಿದ. ಆಗ ಸಿಕ್ಕಿದ್ದು ಒಂದೇ ಕುಡಿಕೆ ಶುದ್ಧ ಎಣ್ಣೆ, ಒಂದು ದಿನಕ್ಕಾಗುವಷ್ಟು. ಅದು ಎಂಟು ದಿನ ಉರಿಯಿತು ಅಂತ ನಂಬಿಕೆ. ಈ ಎಣ್ಣೆಯ ಕಥೆ ಬರುವುದು ಎಷ್ಟೋ ಶತಮಾನದ ನಂತರದ ತಾಲ್ಮುದ್ ಅನ್ನುವ ಅವರ ಧರ್ಮಗ್ರಂಥದಲ್ಲಿ. ಆದರೂ ಮನೆಮನೆಯಲ್ಲಿ ಉಳಿದಿರುವುದು ಅದೇ.

ಒಂಬತ್ತನೆಯದರ ಹೆಸರು ಶಮಾಶ್, ಅಂದರೆ ಸೇವಕ. ಆ ಎಂಟು ದೀಪಗಳ ಬೆಳಕನ್ನು ಯಾವ ಕೆಲಸಕ್ಕೂ ಬಳಸಬಾರದು, ಓದುವುದಕ್ಕೂ ಇಲ್ಲ. ಸುಮ್ನೆ ನೋಡಬೇಕು, ಅಷ್ಟೇ. ಉಳಿದ ದೀಪಗಳನ್ನು ಹಚ್ಚುವ ಕೆಲಸ ಶಮಾಶ್‌ನದು. ಮೊದಲ ದಿನ ಒಂದು, ಮರುದಿನ ಎರಡು, ಹೀಗೆ. ಎಂಟರಿಂದ ಶುರುಮಾಡಿ ಇಳಿಸುತ್ತಾ ಹೋಗಬೇಕು ಅಂತ ಹಿಂದೆ ಶಮ್ಮಾಯಿ ಅನ್ನುವ ಯಹೂದಿ ಗುರುವಿನ ಕಡೆಯವರು ವಾದಿಸಿದ್ದರಂತೆ. ಪವಿತ್ರವಾದದ್ದು ಏರಬೇಕು, ಇಳಿಯಬಾರದು ಅಂದರು ಇನ್ನೊಬ್ಬ ಗುರು ಹಿಲ್ಲೆಲ್ ಕಡೆಯವರು. ಅವರ ಮಾತೇ ನಿಂತಿತು.

ನಿನ್ನೆ ಐದನೇ ದಿನ. ಹೊರಗೆ ಹೋಗುವವರಿಗೆ ಕಾಣಲಿ ಅಂತ ಕಿಟಕಿಯ ಹತ್ತಿರವೇ ಹಚ್ಚುತ್ತಾರೆ. ಅಜ್ಜಿಯ ಕೈ ಜಾಸ್ತಿ ನಡುಗುತ್ತದೆ, ನಾನು ಮೊಣಕೈ ಹಿಡಿದುಕೊಂಡಿದ್ದೆ. ಹೆಬ್ಬೆರಳ ಮೇಲೆ ಬಿಸಿ ಮೇಣ ಬಿತ್ತು. ಅವರು ಶಮಾಶ್ ಬಿಡಲೇ ಇಲ್ಲ, ಹೊಸ ದೀಪವನ್ನು ಮೊದಲು ಹಚ್ಚಿ ಬಲಕ್ಕೆ ಸಾಗುತ್ತಾ ಐದನ್ನೂ ಮುಗಿಸಿದರು. ಆಮೇಲೆ ಅರ್ಧ ಗಂಟೆ ಹೆಂಗಸರು ಕೆಲಸ ಮುಟ್ಟಬಾರದು ಅನ್ನುವ ಪದ್ಧತಿ ಇದೆ. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಪಾತ್ರೆಗಳೆಲ್ಲ ಸಿಂಕಿನಲ್ಲೇ ಇದ್ದವು. ಇಲ್ಲಿಗೆ ಬಂದ ಮೇಲೆ ಹಾಗೆ ಕೂತಿದ್ದು ಅದೇ ಮೊದಲು, ದೊಡ್ಡಮ್ಮ.

ಎಣ್ಣೆಯ ನೆನಪಿಗೆ ತಿಂಡಿಯೂ ಕರಿದದ್ದೇ. ಸುಫ್ಗನಿಯಾ ಅಂತ, ನಮ್ಮ ಬನ್ಸ್ ಹಾಗೆ ಉಬ್ಬಿರುತ್ತದೆ, ಒಳಗೆ ಜಾಮ್.

ದೀಪಾವಳಿ ಅಲ್ಲ, ಆದರೆ ಇವರ ತಿಂಗಳೂ ಚಂದ್ರನ ಲೆಕ್ಕದ್ದೇ. ಅಮಾವಾಸ್ಯೆ ಈ ಎಂಟು ದಿನದ ನಡುವೆಯೇ ಬರುತ್ತದೆ. ಕತ್ತಲು ಜಾಸ್ತಿ ಇರುವಾಗಲೇ ದೀಪ, ಅಲ್ವಾ? ಇವತ್ತು ಆರು. ಹಚ್ಚಿದ ಮೇಲೆ ವೀಡಿಯೊ ಕಾಲ್ ಮಾಡುತ್ತೇನೆ, ಅಜ್ಜಿಗೂ ನಿಮ್ಮನ್ನು ನೋಡಬೇಕಂತೆ.